ಬೊಂಬೆ ಹಬ್ಬಕ್ಕೆ ಹಿಡಿ ತಿರುಗಿಸಿದರೆ ಆನೆ ನಡೆಯುವ ಯಂತ್ರ: ಚಿತ್ರ ಕಲಸಿಹೋಗ್ತಿದೆ, ಸಹಾಯ ಬೇಕು

ಬೊಂಬೆ_ಮೆಟ್ಟಿಲು (ಮೈಸೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೇಲಿ ಅಜ್ಜಿ ಕಾಲದಿಂದ ನವರಾತ್ರಿಗೆ ಬೊಂಬೆ ಕೂರಿಸ್ತೀವಿ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಬೊಂಬೆ, ಕೆಳಗಿನ ಮೆಟ್ಟಿಲಲ್ಲಿ ಜಂಬೂ ಸವಾರಿ. ಹೋದ ವರ್ಷ ಎಲ್ಲ ಬಟ್ಟೆ ಸುತ್ತಿ ಪೆಟ್ಟಿಗೆಗೆ ಇಡುವಾಗ ಮಗಳು, "ಅಪ್ಪ, ಮುಂದಿನ ಸಲ ಆನೆ ನಡೀಬೇಕು" ಅಂದಳು. ಆ ಮಾತು ನನ್ನ ತಲೇಲಿ ಕೂತುಬಿಟ್ಟಿದೆ.

ಅಂಗಡಿಯಿಂದ ಬ್ಯಾಟರಿ ಆನೆ ತಂದಿಡಬಹುದಿತ್ತು. ಅವಳು ಬರೆದ ಆನೇನ ಅವಳ ಕೈಯೇ ನಡೆಸಬೇಕು ಅನ್ನೋದು ನನ್ನ ಆಸೆ. ಅದಕ್ಕೇ ಚಿತ್ರದ ಎಲೆಗಳನ್ನು ಒಂದರ ಹಿಂದೊಂದು ಮಗುಚುವ ಯಂತ್ರ ಮಾಡ್ತಿದೀನಿ. ಎರಡು ದುಂಡನೆ ಪ್ಲೈವುಡ್ ಬಿಲ್ಲೆ, ನಡುವೆ 6 ಮಿ.ಮೀ. ಕಂಬಿ, ಕಂಬಿಯ ಒಂದು ತುದಿಗೆ ಹಿಡಿ. ಬಿಲ್ಲೆಗಳಲ್ಲಿ 60 ಮಿ.ಮೀ. ವ್ಯಾಸದ ವೃತ್ತ ಎಳೆದು, 15 ಡಿಗ್ರಿಗೊಂದರಂತೆ 24 ತೂತು ಕೊರೆದಿದೀನಿ. ಕಾರ್ಡ್ ಒಂದೊಂದೂ 10 ಸೆಂ.ಮೀ. ಅಗಲ, 6 ಸೆಂ.ಮೀ. ಎತ್ತರ. ಬುಡದಲ್ಲಿ ಎರಡೂ ಪಕ್ಕ ಸಣ್ಣ ಕಿವಿ ಬಿಟ್ಟಿದೀನಿ, ಆ ಕಿವಿ ತೂತಲ್ಲಿ ಕೂರುತ್ತೆ. ನಿಂತ ಎಲೆ ಚಿತ್ರದ ಮೇಲರ್ಧ ತೋರಿಸುತ್ತೆ, ಮಗುಚಿ ಬಿದ್ದ ಎಲೆಯ ಬೆನ್ನು ಕೆಳಗರ್ಧ ತೋರಿಸುತ್ತೆ.

ಈಗ ತೊಂದರೆ. ನಿಧಾನವಾಗಿ ತಿರುಗಿಸಿದರೆ ಎಲೆ ಬೀಳುತ್ತೆ, ಆದರೆ ಸೊಂಡಿಲು ನಡುವೆ ಮುರಿದ ಹಾಗೆ ಕಾಣುತ್ತೆ, ಮೇಲಿನ ತುಂಡಿಗೂ ಕೆಳಗಿನ ತುಂಡಿಗೂ ಸೇರಲ್ಲ. ಜೋರಾಗಿ ತಿರುಗಿಸಿದರೆ ಆನೆಯೂ ಇಲ್ಲ, ಅಂಬಾರಿಯೂ ಇಲ್ಲ, ಬರೀ ಬೂದಿ ಬಣ್ಣದ ಪಟ್ಟೆ. ಎರಡು ಭಾನುವಾರ ಇದರಲ್ಲೇ ಹೋಯ್ತು. ಮಗಳು ಬಾಯಿಬಿಟ್ಟು ಏನೂ ಹೇಳ್ತಿಲ್ಲ, ಆದರೆ ಚಿತ್ರ ಬರೆಯೋದು ನಿಲ್ಲಿಸಿದಾಳೆ. ತಿಳಿದವರು ದಯವಿಟ್ಟು ಹೇಳಿ.

ಲೇತ್_ಬನ್ನಿಮಂಟಪ

ಸಾರ್, ಫೋಟೋ ನೋಡಿದೆ. ಬಿಲ್ಲೆ, ತೂತು ಎಲ್ಲ ಚೆನ್ನಾಗಿ ಬಂದಿದೆ. ಒಂದು ಕೇಳ್ತೀನಿ, ನಿಂತಿರೋ ಎಲೆಯ ನೆತ್ತಿ ಹತ್ತಿರ ತಡೆ ಏನಾದ್ರೂ ಕೊಟ್ಟಿದೀರಾ?

ಬೊಂಬೆ_ಮೆಟ್ಟಿಲು

ಇಲ್ಲ ಸಾರ್. ತಿರುಗ್ತಾ ತಿರುಗ್ತಾ ಮುಂದಕ್ಕೆ ವಾಲಿ ತಾನಾಗೇ ಬೀಳುತ್ತೆ.

ಲೇತ್_ಬನ್ನಿಮಂಟಪ

ಅಲ್ಲೇ ಇರೋದು ರೋಗ. ತಾನಾಗೇ ವಾಲಿ ಬೀಳೋ ಎಲೆ ಒಂದು ಕ್ಷಣವೂ ನಿಲ್ಲಲ್ಲ. ಒಂದು ವಾಲ್ತಿರುವಾಗ ಹಿಂದಿನದೂ ಅದರ ಜೊತೆ ವಾಲ್ತಿರುತ್ತೆ. ಕಣ್ಣಿಗೆ ಒಂದು ಚಿತ್ರವೂ ಪೂರ್ತಿ ಸಿಗಲ್ಲ. ನೀವು ಓಡಿಸೋದರ ಬಗ್ಗೆ ಯೋಚನೆ ಮಾಡ್ತಿದೀರಿ. ಈ ಯಂತ್ರದಲ್ಲಿ ಕೆಲಸ ಇರೋದು ನಿಲ್ಲಿಸೋದರಲ್ಲಿ.

ಎಲೆ ನೆಟ್ಟಗೆ ನಿಂತಾಗ ಅದರ ನೆತ್ತಿಯನ್ನು ಮುಂದಿನಿಂದ ಹಿಡಿಯೋ ಹಾಗೆ ಒಂದು ನಾಲಿಗೆ ಕೊಡಿ. ಹಳೇ ಸ್ಟೀಲ್ ಅಳತೆ ಟೇಪಿನ ಒಂದಿಂಚು ತುಂಡು ಸಾಕು, ಅದಕ್ಕೆ ಸ್ಪ್ರಿಂಗ್ ಗುಣ ಇದೆ. ಎಲೆಯ ಅಂಚು ನಾಲಿಗೆ ಹಿಂದೆ 2 ಮಿ.ಮೀ. ಮಾತ್ರ ಸಿಕ್ಕಿರಬೇಕು. ಬಿಲ್ಲೆ ತಿರುಗಿದ ಹಾಗೆ ಎಲೆಯ ಬುಡ ಕೆಳಗೆ ಇಳೀತಾ ಹೋಗುತ್ತೆ, ನೆತ್ತಿ ಮಾತ್ರ ಅಲ್ಲೇ ಸಿಕ್ಕಿಕೊಂಡಿರುತ್ತೆ, ಆಮೇಲೆ ತಟ್ಟನೆ ಜಾರಿ ಬೀಳುತ್ತೆ. ಬೀಳೋದು ಎಷ್ಟು ಬೇಗ ಆಗುತ್ತೋ ಅಷ್ಟು ಒಳ್ಳೇದು.

ನಾಲಿಗೆಯ ತೂತು ದುಂಡಗೆ ಮಾಡಬೇಡಿ, ಉದ್ದಕ್ಕೆ ಮಾಡಿ. ಮೇಲೆ ಕೆಳಗೆ ಸರಿಸಿ ಸ್ಕ್ರೂ ಬಿಗಿಯೋಕೆ ಆಗಬೇಕು. ಮೊದಲ ಸಲಕ್ಕೇ ಸರಿಯಾಗಿ ಕೂರಲ್ಲ.

ಹೊಲಿಗೆ_ಮಂಡ್ಯ

ಅಣ್ಣ, ನಂದು ಮಂಡ್ಯದಾಗೆ ಹೊಲಿಗೆ ಅಂಗಡಿ. ಈ ಯಂತ್ರದ ವಿಷ್ಯ ನಂಗೊತ್ತಿಲ್ಲ, ಆದ್ರೆ ನಿಲ್ಲಿಸೋದು ಅಂದ್ರಲ್ಲ, ಅದು ಚೆನ್ನಾಗಿ ಗೊತ್ತು. ನಮ್ ಮಿಸನ್ನಲ್ಲೂ ಬಟ್ಟೆ ಒಂದೇ ಸಮ ಓಡಾಕಿಲ್ಲ ಕಣಣ್ಣ. ಸೂಜಿ ಬಟ್ಟೆ ಒಳಗಿರೋ ಗಂಟ ಬಟ್ಟೆ ನಿಂತಿರ್ತದೆ. ಸೂಜಿ ಮೇಲಕ್ ಬಂದ್ಮೇಲೆ ಕೆಳಗಿರೋ ಹಲ್ಲು ಒಂಚೂರು ಹಿಂದಕ್ ತಳ್ತದೆ, ಮತ್ತೆ ನಿಲ್ತದೆ. ನೋಡೋರ್ಗೆ ಬಟ್ಟೆ ಸರ್ರಂತ ಹೋದಂಗೆ ಕಾಣ್ತದೆ ಅಷ್ಟೇಯ. ಹಲ್ಲು ಸವೆದು ಜಾರ್ತಾ ಇದ್ರೆ ಹೊಲಿಗೆ ಕೆಟ್ಟೋಯ್ತದೆ. ನಿಮ್ದೂ ಅಂಗೇ ಆಗಿರ್ಬೇಕು.

ಹಳೇ_ರೀಲು (ಮೈಸೂರು)

ಅಕ್ಕ, ನೀವು ಹೇಳಿದ್ದು ಓದಿ ಮೈ ಜುಮ್ಮೆಂದಿತು. ಫ್ರಾನ್ಸಿನ ಲೂಯಿ ಲೂಮಿಯೇರ್‌ಗೆ ಫಿಲ್ಮನ್ನು ಎಳೆದು ನಿಲ್ಲಿಸುವ ಉಪಾಯ ಹೊಳೆದದ್ದೂ ಹೊಲಿಗೆ ಯಂತ್ರದಿಂದಲೇ. ಒಂದು ಕೊಕ್ಕೆ ಫಿಲ್ಮಿನ ತೂತಿಗೆ ಇಳಿದು, ಒಂದು ಚಿತ್ರದಷ್ಟು ಎಳೆದು, ಬಿಟ್ಟು ಹಿಂದಕ್ಕೆ ಹೋಗುತ್ತೆ. ಆ ಹೊತ್ತಿನಲ್ಲಿ ಫಿಲ್ಮು ನಿಂತಿರುತ್ತೆ. 1896ರ ಜುಲೈ 7ರಂದು ಬೊಂಬಾಯಿಯ ವಾಟ್ಸನ್ ಹೋಟೆಲಿನಲ್ಲಿ ಜನ ಮೊದಲ ಸಲ ಸಿನಿಮಾ ನೋಡಿದ್ದು ಅದೇ ಯಂತ್ರದಲ್ಲಿ.

ಈ ವಿದ್ಯೆಯ ಹಿಂದಿನ ಕಥೆಯೆಲ್ಲ ನಿಲ್ಲಿಸುವುದರ ಕಥೆಯೇ. 1832ರಲ್ಲಿ ಬೆಲ್ಜಿಯಂನ ಜೋಸೆಫ್ ಪ್ಲಾಟೋ ಒಂದು ತಿರುಗುವ ತಟ್ಟೆ ಮಾಡಿದರು. ತಟ್ಟೆಯ ಮೇಲೆ ಚಿತ್ರ, ಅಂಚಿನಲ್ಲಿ ಸೀಳು. ಕನ್ನಡಿ ಮುಂದೆ ಹಿಡಿದು ಸೀಳಿನ ಮೂಲಕ ನೋಡಬೇಕು. ತಟ್ಟೆ ನಿಲ್ಲದೇ ತಿರುಗಿದರೂ ಸೀಳು ದಾಟುವ ಒಂದು ಚಿಟಿಕೆ ಹೊತ್ತು ಮಾತ್ರ ಚಿತ್ರ ಕಾಣುತ್ತಿದ್ದರಿಂದ, ಅದು ನಿಂತ ಹಾಗೇ ಲೆಕ್ಕ. ಸೀಳು ತೆಗೆದುಬಿಟ್ಟರೆ ನಿಮಗೆ ಈಗ ಕಾಣ್ತಿರೋ ಬೂದಿ ಪಟ್ಟೆಯೇ ಅಲ್ಲೂ ಕಾಣುತ್ತೆ.

ಕಾಗದದ ಎಲೆ ಮಗುಚಿ ನೋಡುವ ಪುಸ್ತಕಕ್ಕೆ ಮೊದಲ ಪೇಟೆಂಟ್ ಸಿಕ್ಕಿದ್ದು 1868ರ ಮಾರ್ಚ್‌ನಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಜಾನ್ ಬಾರ್ನ್ಸ್ ಲಿನೆಟ್ ಅನ್ನೋ ಮುದ್ರಕನಿಗೆ. ಅದಕ್ಕೆ ಅವನಿಟ್ಟ ಹೆಸರು ಕೈನಿಯೋಗ್ರಾಫ್. ಅದರಲ್ಲಿ ಎಲೆಯನ್ನು ತಡೆದು ಬಿಡುವ ನಾಲಿಗೆ ನಮ್ಮ ಹೆಬ್ಬೆರಳೇ. ನಮ್ಮೂರಿನವನಾಗಿ ಆ ಇಸವಿ ನನಗೆ ಮರೆಯಲ್ಲ: ಅದೇ 1868ರ ಮಾರ್ಚ್‌ನಲ್ಲೇ ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡಿದ್ದು. ಗಂಜೀಫಾ ಎಲೆಗಳನ್ನು, ಅಂದರೆ ಕೈಯಲ್ಲಿ ಚಿತ್ರ ಬರೆದ ಹಳೇ ಕಾಲದ ಇಸ್ಪೀಟು ಎಲೆಗಳನ್ನು, ಅಷ್ಟು ಪ್ರೀತಿಸಿದ ದೊರೆ ಇನ್ನೊಬ್ಬರಿಲ್ಲ. ಅವರು ಕಟ್ಟಿದ ಆಟಗಳಲ್ಲಿ ಒಂದಕ್ಕೆ 360 ಎಲೆ! ಅಷ್ಟು ಎಲೆ ಬರೆಸಿದವರ ಕೈಗೆ ಮಗುಚುವ ಪುಸ್ತಕ ಸಿಕ್ಕಿದ್ದರೆ ಏನೆಲ್ಲ ಮಾಡಿಸುತ್ತಿದ್ದರೋ ಅಂತ ನಾನು ಎಷ್ಟೋ ಸಲ ಅಂದುಕೊಂಡಿದೀನಿ.

ಹೆಬ್ಬೆರಳಿನ ಜಾಗದಲ್ಲಿ ಲೋಹದ ನಾಲಿಗೆ ಬಂದಿದ್ದು ಅಮೆರಿಕದ ಹರ್ಮನ್ ಕ್ಯಾಸ್ಲರ್ ಮಾಡಿದ ಮ್ಯೂಟೋಸ್ಕೋಪಿನಲ್ಲಿ. 1894ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, ಮುಂದಿನ ವರ್ಷ ಸಿಕ್ಕಿತು. ಒಂದು ಗಾಲಿಗೆ ಸುಮಾರು 850 ಕಾರ್ಡು, ದೊಡ್ಡ ಸೇವಂತಿಗೆ ಹೂವಿನ ಹಾಗೆ ಸುತ್ತಲೂ ನಿಂತಿರುತ್ತಿದ್ದವು. ಕಾಸು ಹಾಕಿ ಹಿಡಿ ತಿರುಗಿಸಿದರೆ ಒಂದು ನಿಮಿಷದ ಆಟ. ಲೆಕ್ಕ ಹಾಕಿ, ಸೆಕೆಂಡಿಗೆ 14 ಚಿತ್ರ. ನಿಮ್ಮ ಅರ್ಧರ್ಧ ಎಲೆಯ ಪದ್ಧತಿ ಬೇರೆ. ಅದು ವಿದೇಶದ ರೈಲು ನಿಲ್ದಾಣಗಳಲ್ಲಿ ಟಪಟಪ ಅಂತ ಊರಿನ ಹೆಸರು ಬದಲಾಗುತ್ತಿದ್ದ ಬೋರ್ಡಿನದು. ಆದರೆ ನಾಲಿಗೆ ಎರಡಕ್ಕೂ ಬೇಕು.

ಜಾತ್ರೆ_ನೆನಪು

ನಾವು ಚಿಕ್ಕವರಿದ್ದಾಗ ಜಾತ್ರೇಲಿ ತಗಡಿನ ಡಬ್ಬದೊಳಗೆ ಇಣುಕಿ ನೋಡ್ತಿದ್ವಲ್ಲ, ಬಯಾಸ್ಕೋಪು, ಅದೂ ಇದೇನಾ?

ಹಳೇ_ರೀಲು

ಅಲ್ಲ. ಅದರಲ್ಲಿ ಚಿತ್ರದ ಸುರುಳಿ ಸುತ್ತಿಕೊಳ್ಳುತ್ತಿತ್ತು, ಚಿತ್ರ ಬದಲಾಗುತ್ತಿತ್ತು, ಅದರೊಳಗಿನ ಮನುಷ್ಯ ಅಲ್ಲಾಡುತ್ತಿರಲಿಲ್ಲ. ಅಲ್ಲಾಡಿಸುತ್ತಿದ್ದುದು ಡಬ್ಬದವನ ಹಾಡು.

ಅಚ್ಚುಮನೆ (ಮೈಸೂರು)

ಸೊಂಡಿಲು ಮುರಿದ ವಿಷಯಕ್ಕೆ ಬರ್ತೀನಿ. ನಮ್ಮದು ಅಶೋಕ ರಸ್ತೆ ಕಡೆ ಸಣ್ಣ ಪ್ರೆಸ್ಸು. ನೀವು ಕಾರ್ಡಿನ ಮುಂದೆ 1ನೇ ಚಿತ್ರದ ಮೇಲರ್ಧ, ಬೆನ್ನಿಗೂ 1ನೇ ಚಿತ್ರದ ಕೆಳಗರ್ಧ ಹಾಕಿದೀರಿ, ಸರಿಯಾ?

ಬೊಂಬೆ_ಮೆಟ್ಟಿಲು

ಹೌದು ಸಾರ್. ಪ್ರಿಂಟ್ ಹಾಕಿಸಿದ ಕಡೆ ಹಾಗೇ ಅಂದರು, ನನಗೂ ಸರಿ ಅನ್ನಿಸಿತು. 24 ಕಾರ್ಡಿಗೂ ಹಾಗೇ ಇದೆ.

ಅಚ್ಚುಮನೆ

ಅದು ತಪ್ಪು. ಕೈಯಲ್ಲಿ ಎರಡು ವಿಸಿಟಿಂಗ್ ಕಾರ್ಡ್ ಹಿಡಿದು ನೋಡಿ. 1ನೇ ಎಲೆ ಕೆಳಗೆ ಬಿತ್ತು ಅಂದ್ರೆ ಅದರ ಬೆನ್ನು ನಿಮ್ಮ ಕಡೆ ತಿರುಗಿತು. ಅದೇ ಹೊತ್ತಿಗೆ ಮೇಲೆ ಕಾಣೋದು 2ನೇ ಎಲೆಯ ಮುಖ. ಅಂದಮೇಲೆ 1ರ ಬೆನ್ನಲ್ಲಿ 2ನೇ ಚಿತ್ರದ ಕೆಳಗರ್ಧ ಇರಬೇಕು. 2ರ ಬೆನ್ನಲ್ಲಿ 3, ಹಾಗೇ ಹೋಗಿ 24ರ ಬೆನ್ನಲ್ಲಿ 1. ನಿಮ್ಮ ಆನೆಯ ಮೇಲರ್ಧ ಯಾವಾಗಲೂ ಕೆಳಗರ್ಧಕ್ಕಿಂತ ಒಂದು ಚಿತ್ರ ಮುಂದೆ ಓಡ್ತಿದೆ, ಅದಕ್ಕೇ ಸೊಂಡಿಲು ಮುರಿದ ಹಾಗೆ ಕಾಣೋದು. ಚಿತ್ರದ ನಡುಗೆರೆ ಎರಡೂ ಕಡೆ ಕಿವಿ ಇರುವ ಅಂಚಿಗೇ ಬರಬೇಕು. ಪುಸ್ತಕದ ಹಾಳೆ ಹಾಗೆ ಎಡಬಲ ತಿರುಗಿಸಿ ಅಚ್ಚು ಹಾಕಿದರೆ ಕಾಲು ಆಕಾಶಕ್ಕೆ ಹೋಗುತ್ತೆ. ಹಾಳೆಯನ್ನು ತಲೆ ಮೇಲಿಂದ ಕೆಳಕ್ಕೆ ಮಗುಚಿ ಹಾಕಿಸಿ.

ಇನ್ನೊಂದು, ಯಾವ ಕಾಗದ ಹಾಕಿದೀರಿ?

ಬೊಂಬೆ_ಮೆಟ್ಟಿಲು

ಸಾರ್, ವಿಸಿಟಿಂಗ್ ಕಾರ್ಡ್ ಹಿಡಿದು ಈಗ ಮಾಡಿ ನೋಡಿದೆ. ಒಂದು ವಾರದಿಂದ ಅರ್ಥ ಆಗದ್ದು ಅರ್ಧ ನಿಮಿಷಕ್ಕೆ ಅರ್ಥ ಆಯ್ತು. ಕಾಗದ 300 ಜಿಎಸ್‌ಎಂ ಆರ್ಟ್ ಕಾರ್ಡ್. ಎರಡು ದಿನಕ್ಕೇ ದೋಣಿ ಥರ ಬಾಗಿದೆ, ಮಳೆಗಾಲಕ್ಕೋ ಏನೋ.

ಅಚ್ಚುಮನೆ

ಮಳೆಗಾಲದ ತೇವ ಒಂದು ಪಾಲು, ಗ್ರೇನ್ ಇನ್ನೊಂದು ಪಾಲು. ಕಾಗದಕ್ಕೂ ಮರದ ಹಾಗೆ ನಾರಿನ ದಿಕ್ಕು ಇದೆ. ಮಿಲ್ಲಲ್ಲಿ ಕಾಗದ ಓಡುವ ದಿಕ್ಕಿಗೆ ನಾರು ಮಲಗುತ್ತೆ. ನಾರಿಗೆ ಅಡ್ಡಲಾಗಿ ಬಗ್ಗಿಸೋಕೆ ಹೋದರೆ ಕಾರ್ಡ್ ಎದುರು ನಿಲ್ಲುತ್ತೆ, ನಾರಿನ ಉದ್ದಕ್ಕೆ ಮಡಿಕೆ ಬರೋ ಹಾಗೆ ಬಗ್ಗಿಸಿದರೆ ಸುಲಭವಾಗಿ ಬಗ್ಗುತ್ತೆ. ಪುಸ್ತಕ ಕಟ್ಟುವಾಗ ಹಾಳೆ ಮೆತ್ತಗೆ ಮಗುಚಲಿ ಅಂತ ನಾರನ್ನು ಬೆನ್ನಿನ ಉದ್ದಕ್ಕೇ ಇಡ್ತೀವಿ. ನಿಮಗೆ ಬೇಕಾಗಿರೋದು ಅದಕ್ಕೆ ತದ್ವಿರುದ್ಧ. ಬುಡದಿಂದ ನೆತ್ತಿಯ ಕಡೆಗೆ ನಾರು ಓಡಬೇಕು, ಆಗಲೇ ಎಲೆ ನಾಲಿಗೆಯಿಂದ ಜಾರುವಾಗ ಪಟ್ಟನೆ ಚಿಮ್ಮುತ್ತೆ.

ಗೊತ್ತು ಮಾಡೋದು ಸುಲಭ. ಹಾಳೆಯಿಂದ ಒಂದು ಚೌಕ ಕತ್ತರಿಸಿ, ಒಂದು ಮೈಗೆ ಒದ್ದೆ ಬಟ್ಟೆ ಸವರಿ. ಸುರುಳಿ ಸುತ್ತಿಕೊಳ್ಳುತ್ತೆ. ಆ ಕೊಳವೆಯ ಉದ್ದ ಯಾವ ಕಡೆಗಿದೆಯೋ ನಾರು ಆ ಕಡೆಗಿದೆ.

ಭೌತಶಾಸ್ತ್ರ_ಮೇಷ್ಟ್ರು (ಶ್ರೀರಂಗಪಟ್ಟಣ)

ಎಷ್ಟು ವೇಗಕ್ಕೆ ತಿರುಗಿಸಬೇಕು ಅನ್ನೋದಕ್ಕೆ ಲೆಕ್ಕ ಕೊಡ್ತೀನಿ. 24 ಎಲೆ, ಎರಡು ಸೆಕೆಂಡಿಗೆ ಒಂದು ಸುತ್ತು, ಅಂದರೆ ಸೆಕೆಂಡಿಗೆ 12 ಚಿತ್ರ. ಅಷ್ಟಕ್ಕೆ ಆನೆ ನಡೆಯುತ್ತೆ. ಮೋಟಾರು ಹಾಕೋರು 30 ಆರ್‌ಪಿಎಂ ಗೇರ್ ಮೋಟಾರ್ ತಗೊಂಡರೆ ಇದೇ ಲೆಕ್ಕ.

ಮಕ್ಕಳಿಗೆ ವಿವರಿಸುವಾಗ ಒಂದು ಮಾತು ನೆನಪಿಡಿ. ಹಳೇ ಚಿತ್ರ ಕಣ್ಣಲ್ಲಿ ಉಳಿದುಕೊಳ್ಳುತ್ತೆ, ಅದಕ್ಕೇ ಚಲನೆ ಕಾಣುತ್ತೆ ಅಂತ ನಾನೂ ಹತ್ತಾರು ವರ್ಷ ಪಾಠ ಮಾಡಿದೆ. ಅಷ್ಟೇ ಆಗಿದ್ದರೆ ಹಳೇ ಕಾಲಿನ ಮೇಲೆ ಹೊಸ ಕಾಲು ಕೂತು, ಆನೆಗೆ ಎಂಟು ಕಾಲು ಕಾಣಬೇಕಿತ್ತು. ಜರ್ಮನಿಯ ಮ್ಯಾಕ್ಸ್ ವರ್ಟ್‌ಹೈಮರ್ 1912ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೋರಿಸಿದ್ದು ಬೇರೆ. ಎರಡು ನಿಂತ ಗೆರೆಗಳನ್ನು ತಕ್ಕ ಅಂತರದಲ್ಲಿ ಒಂದಾದ ಮೇಲೊಂದು ತೋರಿಸಿದರೆ, ನಡುವಿನ ಓಟವನ್ನು ಮೆದುಳೇ ಕಟ್ಟಿಕೊಳ್ಳುತ್ತೆ. ಚಲನೆ ಕಾರ್ಡಿನಲ್ಲಿಲ್ಲ, ನೋಡುವ ಮಗುವಿನಲ್ಲಿದೆ. ಈಗ ಪಾಠದಲ್ಲಿ ಇದನ್ನೇ ಹೇಳ್ತೀನಿ, ಮಕ್ಕಳ ಮುಖ ಅರಳುತ್ತೆ.

ಕುಂಚ_ಕಾವಾ (ಮೈಸೂರು)

ನಾನು ಇಲ್ಲಿನ ಚಿತ್ರಕಲಾ ಕಾಲೇಜು ಕಾವಾದಲ್ಲಿ ಓದ್ತಿದೀನಿ. ಯಂತ್ರದ ಬಗ್ಗೆ ದೊಡ್ಡವರು ಹೇಳಿದಾರೆ, ಆನೆ ಬಗ್ಗೆ ನಾನು ಹೇಳ್ತೀನಿ ಸಾರ್. ನಿಮ್ಮ ಫೋಟೋದಲ್ಲಿರೋ ಆನೆ ಕುದುರೆ ಓಡೋ ಹಾಗೆ ಕಾಲು ಹಾಕ್ತಿದೆ. ಆನೆ ಎಡ ಹಿಂಗಾಲು ಎತ್ತುತ್ತೆ, ಆಮೇಲೆ ಎಡ ಮುಂಗಾಲು, ಆಮೇಲೆ ಬಲ ಹಿಂಗಾಲು, ಕೊನೆಗೆ ಬಲ ಮುಂಗಾಲು. 24 ಚಿತ್ರದಲ್ಲಿ ಒಂದೊಂದು ಕಾಲಿಗೂ 6 ಚಿತ್ರ ಗಾಳಿಯಲ್ಲಿ, 18 ಚಿತ್ರ ನೆಲದಲ್ಲಿ ಕೊಡಿ. ಆಗ ಯಾವ ಹೊತ್ತಿಗೂ ಒಂದೇ ಕಾಲು ಮೇಲಿರುತ್ತೆ, ಮೂರು ಭಾರ ಹೊತ್ತಿರುತ್ತವೆ. ಆ ಮೂರು ಕಾಲು ನೆಲ ಹಿಡಿದು ನಿಲ್ಲದೇ ಇದ್ದರೆ 750 ಕಿಲೋ ಅಂಬಾರಿ ಹೊತ್ತ ಆನೆ ಅನ್ನಿಸಲ್ಲ.

ಆನೆ ಚಿತ್ರದ ನಡುವಲ್ಲೇ ಇದ್ದು ನಡೀಬೇಕಾದ್ದರಿಂದ ನೆಲದ ಮೇಲಿರೋ ಕಾಲು ಪ್ರತಿ ಚಿತ್ರಕ್ಕೂ ಒಂದೇ ಅಳತೆ ಹಿಂದಕ್ಕೆ ಸರೀಬೇಕು. 1.5 ಮಿ.ಮೀ. ಅಂತ ಇಟ್ಟುಕೊಳ್ಳಿ. 18 ಚಿತ್ರಕ್ಕೆ 27 ಮಿ.ಮೀ. ಹಿಂದಕ್ಕೆ ಹೋಯ್ತು. ಗಾಳಿಯಲ್ಲಿರೋ 6 ಚಿತ್ರದಲ್ಲಿ ಅಷ್ಟನ್ನೂ ಮುಂದಕ್ಕೆ ತರಬೇಕು, ಅಂದ್ರೆ ಒಂದಕ್ಕೆ 4.5 ಮಿ.ಮೀ. ಹಿಂದೆ ಅರಮನೆ ಗೋಡೆ ಬರೀತೀರಾದ್ರೆ ಅದೂ 1.5 ಮಿ.ಮೀ. ಲೆಕ್ಕದಲ್ಲೇ ಸರೀಬೇಕು, ಇಲ್ಲಾಂದ್ರೆ ಆನೆ ಎಣ್ಣೆ ಚೆಲ್ಲಿದ ನೆಲದಲ್ಲಿ ಜಾರಿದ ಹಾಗೆ ಕಾಣುತ್ತೆ. 24 ಚಿತ್ರಕ್ಕೆ ಗೋಡೆ 36 ಮಿ.ಮೀ. ಸರಿದಿರುತ್ತೆ. ಕಮಾನುಗಳನ್ನು ಸರಿಯಾಗಿ 36 ಮಿ.ಮೀ.ಗೊಂದರಂತೆ ಬರೆದರೆ ಒಂದು ಸುತ್ತು ಮುಗಿದಾಗ ಒಂದು ಕಮಾನಿನ ಜಾಗಕ್ಕೆ ಪಕ್ಕದ್ದು ಬಂದು ಕೂರುತ್ತೆ. ಎಲ್ಲಿ ಶುರು ಎಲ್ಲಿ ಕೊನೆ ಅಂತ ಯಾರಿಗೂ ಗೊತ್ತಾಗಲ್ಲ.

ಮಗಳನ್ನು ಬೆಳಿಗ್ಗೆ ದಸರಾ ಆನೆಗಳ ತಾಲೀಮಿಗೆ ಕರ್ಕೊಂಡು ಹೋಗಿ. ಮೊಬೈಲಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೀರಿ. ಮೈಬ್ರಿಡ್ಜ್ ಅನ್ನೋ ಫೋಟೋಗ್ರಾಫರ್ 1878ರಲ್ಲಿ ಕುದುರೆಯ ಕಾಲು ನೋಡೋಕೆ 12 ಕ್ಯಾಮೆರಾ ಸಾಲಾಗಿ ನಿಲ್ಲಿಸಬೇಕಾಗಿತ್ತು. ನಮಗೆ ಜೇಬಲ್ಲಿದೆ.

ಬೊಂಬೆ_ಮೆಟ್ಟಿಲು

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ತಿಳೀತಿಲ್ಲ. ನಡೆದಿದ್ದನ್ನು ಬರೀತೀನಿ.

ಮಂಗಳವಾರ ಬೆಳಿಗ್ಗೆ ಸಯ್ಯಾಜಿರಾವ್ ರಸ್ತೆಯಲ್ಲಿ ತಾಲೀಮು ನೋಡಿದ್ವಿ. ಆನೆ ಬರೋಕೆ ಮುಂಚೆ ರಸ್ತೆ ಸ್ವಲ್ಪ ಒದ್ದೆ ಇತ್ತು. ಆನೆ ಹೋದ ಮೇಲೆ ಮಗಳು ಕೈ ಎಳೆದು ತೋರಿಸಿದಳು, ಮುಂಗಾಲು ಎತ್ತಿದ ಗುರುತಿನ ಹತ್ತಿರಕ್ಕೇ ಅದೇ ಕಡೆಯ ಹಿಂಗಾಲಿನ ಗುರುತು ಬಿದ್ದಿತ್ತು. ಪಾದ ಊರಿದ ಕೂಡಲೇ ಒಂಚೂರು ಅಗಲ ಆಗುತ್ತೆ, ಎತ್ತುವಾಗ ಮತ್ತೆ ಕಿರಿದಾಗುತ್ತೆ. ಅದನ್ನೂ ಬರೆದಿದಾಳೆ. ಮನೆಗೆ ಬಂದು ಸ್ನಾನವನ್ನೂ ಮಾಡದೇ ಪೆನ್ಸಿಲ್ ಹಿಡಿದಳು. ನಾಲ್ಕು ದಿನಕ್ಕೆ 24 ಚಿತ್ರ.

ಒದ್ದೆ ಬಟ್ಟೆ ಪರೀಕ್ಷೆ ಮಾಡಿದೆ. ನನ್ನ ಹಳೇ ಕಾರ್ಡಿನ ನಾರು ಪೂರ್ತಿ ಅಡ್ಡಡ್ಡ ಇತ್ತು. ಹೊಸದಾಗಿ ಕತ್ತರಿಸಿ, ಬೆನ್ನಿಗೆ ಮುಂದಿನ ಸಂಖ್ಯೆ ಹಾಕಿ, ಟೇಪಿನ ನಾಲಿಗೆ ಕೂರಿಸಿದೆ. ನಿನ್ನೆ ರಾತ್ರಿ ಮೊದಲ ಸಲ ಸೊಂಡಿಲು ಒಂದಾಗಿ ಬೀಸಿತು! ಆದರೆ ಎರಡು ಕಡೆ, 9ರಲ್ಲೂ 17ರಲ್ಲೂ, ಎರಡೆರಡು ಎಲೆ ಜೊತೆಗೇ ಬೀಳುತ್ತೆ, ಆನೆ ಮುಗ್ಗರಿಸುತ್ತೆ. ನಾಲಿಗೆ ಎಷ್ಟು ಇಳಿಸಿದರೂ ಆ ಎರಡು ಜಾಗ ಹಾಗೇ.

ಲೇತ್_ಬನ್ನಿಮಂಟಪ

ಎಲ್ಲಾ ಕಡೆ ಬಿದ್ದಿದ್ದರೆ ನಾಲಿಗೆ ತಪ್ಪು ಅಂತಿದ್ದೆ. ಎರಡೇ ಕಡೆ ಅಂದ್ರೆ ನಾಲಿಗೆಗೆ ಕೈ ಹಚ್ಚಬೇಡಿ. 9, 10, 17, 18 ಈ ನಾಲ್ಕು ಎಲೆ ಬಿಚ್ಚಿ ಕಿವಿ ನೋಡಿ. ಬ್ಲೇಡು ಎಳೆದ ಕಡೆ ಅಂಚು ಎದ್ದಿರುತ್ತೆ, ಅದು ಪಕ್ಕದ ಎಲೆಗೆ ಸಿಕ್ಕಿಕೊಂಡು ಎಳೆಯುತ್ತೆ. ಸೊನ್ನೆ ನಂಬರಿನ ನುಣುಪು ಮರಳು ಕಾಗದ ಹಚ್ಚಿ ಸವರಿ. ತೂತಿನ ಒಳಮೈಯನ್ನೂ ಒಂದು ಸಲ ಸವರಿ. ಕಿವಿ ತೂತಲ್ಲಿ ಸಡಿಲವಾಗಿ ಆಡಬೇಕು, ಎಣ್ಣೆ ಮಾತ್ರ ಬಿಡಬೇಡಿ, ಕಾಗದ ಕುಡಿದುಬಿಡುತ್ತೆ. ಬೇಕಿದ್ದರೆ ಸೀಸದಕಡ್ಡಿ ಉಜ್ಜಿ.

ಬೊಂಬೆ_ಮೆಟ್ಟಿಲು

ಕಿವಿಯೇ ಸಾರ್! 10ರ ಎಡಗಿವಿಯಲ್ಲಿ ಕೂದಲೆಳೆಯಷ್ಟು ಎದ್ದಿತ್ತು, ಬೆರಳಿಗೆ ಸಿಗೋದು, ಕಣ್ಣಿಗೆ ಕಾಣೋದಿಲ್ಲ. 17ಕ್ಕೆ ಫೆವಿಕಾಲ್ ಒಂದು ಹನಿ ಅಂಟಿತ್ತು. ಸವರಿ, ಸೀಸದಕಡ್ಡಿ ಉಜ್ಜಿ ಹಾಕಿದೆ.

ಇವತ್ತು ಪಾಡ್ಯ. ಬೊಂಬೆ ಕೂರಿಸಿದ್ವಿ. ಜಂಬೂ ಸವಾರಿ ಮೆಟ್ಟಿಲಿನ ನಡುವೆ ಯಂತ್ರ ಇಟ್ಟು ಮುಂದೆ ಒಂದು ಸಣ್ಣ ಬಲ್ಬು ಹಾಕಿದೀವಿ. ಸಂಜೆ ಬೊಂಬೆ ಬಾಗಿನಕ್ಕೆ ಬಂದ ಮಕ್ಕಳು ಚಕ್ಕುಲಿ ಮರೆತು ಹಿಡಿ ತಿರುಗಿಸೋಕೆ ಸಾಲು ನಿಂತಿದ್ದರು. ನಮ್ಮಮ್ಮನಿಗೆ 81. ಎಲ್ಲರೂ ಹೋದ ಮೇಲೆ ಮಣೆ ಹಾಕಿಸಿಕೊಂಡು ಕೂತು, ತುಂಬ ನಿಧಾನವಾಗಿ ತಿರುಗಿಸಿದರು. ಒಂದು ಎಲೆ ಬಿದ್ದು ಇನ್ನೊಂದು ಬೀಳೋಕೆ ಮುಂಚೆ ಎರಡನ್ನೂ ನೋಡಿದರು. ಆಮೇಲೆ ಸ್ವಲ್ಪ ಬೇಗ. ಆನೆ ನಡೀತು. "ಓ, ನಿಂತು ನಿಂತೇ ಹೋಗ್ತಿದೆ" ಅಂದರು.

ಹೊಲಿಗೆ_ಮಂಡ್ಯ

ಅಮ್ಮನ್ ಮಾತ್ ಕೇಳಿ ಕಣ್ಣಲ್ ನೀರ್ ಬಂತು ಕಣಣ್ಣ. ನಮ್ ಹುಡ್ಗಂಗೂ ಒಂದ್ ಮಾಡ್ಕೊಡ್ಬೇಕು ಅಂತ ಅನ್ಕಂಡಿವ್ನಿ. ಅವ್ನಿಗೆ ಆಲೆಮನೆ ಬೇಕಂತೆ, ಕಬ್ಬಿನ್ ಗಾಣ ತಿರುಗ್ಬೇಕಂತೆ. ಕಾರ್ಡ್ ಎಲ್ ಕಟ್ ಮಾಡುಸ್ಲಿ?

ಅಚ್ಚುಮನೆ

ಗಾಣ ಆದರೆ 24 ಬೇಡಮ್ಮ, ಗಾಣದ ಉರುಳೆಗೆ ಎಷ್ಟು ಹಲ್ಲಿದೆ ನೋಡಿ. ಒಂದು ಹಲ್ಲು ಪಕ್ಕದ ಹಲ್ಲಿನ ಜಾಗಕ್ಕೆ ಬರೋವರೆಗೆ 6 ಚಿತ್ರ ಬರೆದರೆ ಸಾಕು, ಅದನ್ನೇ ನಾಲ್ಕು ಸಲ ಹಾಕಿದರೆ 24 ಎಲೆ ತುಂಬುತ್ತೆ. ಮೈಸೂರಿಗೆ ಬಂದಾಗ ನಮ್ಮಲ್ಲೇ ಕತ್ತರಿಸಿಕೊಡ್ತೀನಿ, ನಾರಿನ ದಿಕ್ಕು ನಾನೇ ನೋಡ್ತೀನಿ. ಮಧ್ಯಾಹ್ನ ಊಟದ ಹೊತ್ತಿಗೆ ಬನ್ನಿ, ಆಗ ಕಟಿಂಗ್ ಮಷಿನ್ ಖಾಲಿ ಇರುತ್ತೆ.